ಚಾ ಅಂಗಡಿಯ ಅಮೆರಿಕ

ಲೇಕ್ ಗಾರ್ಡನ್ಸ್, ಕೋಲ್ಕತ್ತ
ಶುಕ್ರವಾರ, 14 ನವೆಂಬರ್ 2025

ನನ್ನ ಮುದ್ದಿನ ಸಿಂಧೂರಳಿಗೆ, ನಿನ್ನ ಬಾಯಿಬಡುಕ ಮಾವ ಮಾಡುವ ಆಶೀರ್ವಾದಗಳು.

ನನ್ನ ಫೋನ್ ನೀನು ಎತ್ತುವುದಿಲ್ಲ. ಎತ್ತಬೇಡ ಬಿಡು. ಹಳ್ಳಿ ಶಾಲೆಯ ಏಳನೇ ಕ್ಲಾಸಿಗೇ ಓದಿಗೆ ನಮಸ್ಕಾರ ಹೊಡೆದವನಾದರೂ, ದುಂಡಕ್ಷರದಲ್ಲಿ ನನ್ನನ್ನು ಮೀರಿಸುವವನು ಸುತ್ತ ಹತ್ತೂರಲ್ಲಿ ಇರಲಿಲ್ಲ. ಅದಕ್ಕೇ ಕಾಗದ. ನಿನ್ನ ಅತ್ತೆ ಮಾಡಿದ ಚಟ್ನಿಪುಡಿಯನ್ನೂ ಜೊತೆಗೆ ಕಳಿಸುತ್ತಿದ್ದೇನೆ. ಕಾಗದ ಹರಿದು ಹಾಕಿದರೂ ಪುಡಿ ಇಟ್ಟುಕೋ.

ದಸರೆಯ ಊಟಕ್ಕೆ ಕನ್ನಡದವರೆಲ್ಲ ಮನೆ ತುಂಬಿದ್ದರು. ನಮ್ಮ ರೈಲ್ವೆ ಆಫೀಸಿನ ಪ್ರಸನ್ನ, ಏನು ಓದ್ತಿದ್ದೀಯಮ್ಮ ಎಂದು ನಿನ್ನನ್ನು ಕೇಳಿದ. ಅಮೆರಿಕದ ವಿದೇಶಾಂಗ ನೀತಿಯ ಮೇಲೆ ಪಿಎಚ್‌ಡಿ ಎನ್ನಲು ನೀನು ಬಾಯಿ ತೆರೆಯುವಷ್ಟರಲ್ಲಿ ನಾನು ನುಗ್ಗಿದೆ. ದೊಡ್ಡಣ್ಣ ಯಾರ ಹೆಗಲ ಮೇಲೆ ಕೈ ಹಾಕಿದ, ಯಾರ ಕುತ್ತಿಗೆ ಹಿಡಿದ ಅಂತ ನೋಡ್ಕೊಂಡು ಕೂರ್ತಾಳೆ ಕಣಯ್ಯಾ, ಸಾರಿಗೆ ಉಪ್ಪು ಹಾಕೋ ನೀತಿ ಮಾತ್ರ ಇನ್ನೂ ಗೊತ್ತಾಗಿಲ್ಲ ಅಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಗೆದ್ದೆ ಅಂದುಕೊಂಡೆ ನಾನು.

ಹಬ್ಬ ಕಳೆಯುತ್ತಲೇ ನೀನು ಯೂನಿವರ್ಸಿಟಿಗೆ ಹೋಗುವುದು ಬಿಟ್ಟೆ. ಸೆಕ್ಟರ್ ಫೈವ್‌ನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಹಿಡಿದು ನಮ್ಮ ಮನೆಯಿಂದ ಪೆಟ್ಟಿಗೆ ಕಟ್ಟಿದೆ. ಬಾಗಿಲಲ್ಲಿ ನಿಂತು, ಮನೆಯವರೇ ನಂಬದ ಓದನ್ನು ಊರಿಗೆ ಹೇಗೆ ನಂಬಿಸಲಿ ಮಾವ ಎಂದೆ.

ನಿಜ ಹೇಳುತ್ತೇನೆ ಕೇಳು. ಊಟಕ್ಕೆ ಕೂತಾಗ ನೀನು ಅಮೆರಿಕದ ವಿಷಯ ಹೇಳುತ್ತಿದ್ದರೆ ನಾನು ಆಕಳಿಸುತ್ತಿದ್ದೆನಲ್ಲ, ಅದು ನಾಟಕ. ಬೆಳಿಗ್ಗೆ ಸ್ಟೇಷನ್ ಪಕ್ಕದ ಚಾ ಅಂಗಡಿಯ ಬೆಂಚಿನ ಮೇಲೆ ಅದನ್ನೇ ನನ್ನ ಸ್ವಂತ ಬುದ್ಧಿ ಅಂತ ಬಿಡುತ್ತಿದ್ದೆ. ಅಮೆರಿಕ ಸುಂಕ ಯಾಕೆ ಏರಿಸಿತು, ಆ ಕಾಲದಲ್ಲಿ ಪಾಕಿಸ್ತಾನಕ್ಕೆ ಆಯುಧ ಯಾಕೆ ಕೊಟ್ಟಿತು, ಎಲ್ಲ. ಬಂಗಾಳಿಗಳನ್ನು ಮಾತಿನಲ್ಲಿ ಸೋಲಿಸುವುದು ಸಾಮಾನ್ಯವೇ? ಸೋಲಿಸಿದೆ. ಅವರು ನನ್ನನ್ನು ಪ್ರೊಫೆಸರ್‌ದಾ ಎಂದೇ ಕರೆಯುತ್ತಿದ್ದರು.

ನೀನು ಹೋದ ಮೇಲೆ ಸರಕು ಖಾಲಿ. ಮೊನ್ನೆ ಅಲ್ಲಿಗೆ ದಿನಾ ಬರುವ ಪರಿತೋಷ್‌ಬಾಬು, ಅಮೆರಿಕ ಮುಂದೇನು ಮಾಡುತ್ತೆ ಪ್ರೊಫೆಸರ್‌ದಾ ಎಂದರು. ತಡೆಯಲಾಗದೆ, ಆ ಮಾತೆಲ್ಲ ನನ್ನ ಅಕ್ಕನ ಮಗಳದು ಎಂದುಬಿಟ್ಟೆ. ಅವರು ಚಾ ಊದಿಕೊಳ್ಳುತ್ತ, ಗೊತ್ತು ದಾದಾ, ಅವಳು ಊರಿಗೆ ಹೋದಾಗಲೆಲ್ಲ ನೀವು ಬರೀ ಫುಟ್‌ಬಾಲ್ ಮಾತಾಡ್ತೀರಿ ಅಂದರು. ಆಮೇಲೆ, ಇದು ಆ ಹುಡುಗಿಗೆ ಗೊತ್ತಾ ಎಂದು ಕೇಳಿದರು. ಚಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ನಿನ್ನ ಓದನ್ನು ನಂಬಿದ್ದೆ ಕಣೇ ಸಿಂಧೂರ. ನಿನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಹೇಳಿದೆ. ಅವತ್ತು ನೀನು ನಕ್ಕಿದ್ದನ್ನು ಗೆಲುವು ಅಂದುಕೊಂಡ ದಡ್ಡ ನಾನು. ಮನಸ್ಸಿಟ್ಟೇ ಆ ಕೆಲಸ ಹಿಡಿದಿದ್ದರೆ ಮಾಡು, ಬೇಡ ಅನ್ನುವುದಿಲ್ಲ. ನನ್ನ ಮಾತಿಗೆ ನೊಂದು ಓದು ಬಿಟ್ಟಿದ್ದರೆ, ಆ ಮಾತನ್ನು ಪ್ರಸನ್ನನ ಮನೆಗೇ ಹೋಗಿ, ಅವನ ಹೆಂಡತಿಯ ಎದುರಿಗೆ, ವಾಪಸ್ ತಗೊಂಡು ಬಂದಿದ್ದೇನೆ.

ಇಂತಿ,
ಈ ಸಲ ತಲೆ ತಗ್ಗಿಸಿ ಬರೆದ ನಿನ್ನ ಮಾವ
ಉಮಾಪತಿ

ಮರೆತಿದ್ದೆ: ನಿನ್ನ ಗೈಡ್ ಮೇಡಂ ಮನೆಗೆ ಫೋನ್ ಮಾಡಿದ್ದರು. ನೀನು ಬರುತ್ತಿಲ್ಲ, ಹೆಸರು ತೆಗೆಯಬೇಕಾಗುತ್ತೆ ಎಂದರು. ಇಸ್ತ್ರಿ ಷರ್ಟು ಹಾಕಿಕೊಂಡು ಹೋಗಿ, ಅವಳಿಗೆ ಕಾಮಾಲೆ ಮೇಡಂ, ಎದ್ದು ಕೂರೋಕೂ ಆಗ್ತಿಲ್ಲ ಎಂದು ಹೇಳಿ ಬಂದಿದ್ದೇನೆ. ಸೋಮವಾರದವರೆಗೆ ಕಾಯುತ್ತಾರಂತೆ. ನನ್ನ ದೊಡ್ಡಸ್ತಿಕೆಗಲ್ಲದೆ ನಾನು ಹೇಳಿದ ಸುಳ್ಳು ಇದೊಂದೇ. ಹೋಗುವ ಮನಸ್ಸಾದರೆ ಮುಖ ಸ್ವಲ್ಪ ಸೊರಗಿಸಿಕೊಂಡು ಹೋಗು. ಮೇಡಂ ಎದುರಿಗೆ ಎಗ್ ರೋಲ್ ಮಾತ್ರ ತಿನ್ನಬೇಡ.