ನಿಮ್ಮ ಸರದಿ ಬಂದಿದೆ

ಜೂನ್ 4, ಬೆಳಿಗ್ಗೆ

ಎದ್ದೆ. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿದೆ. ಯಾರಿಗಾಗಿ? ರೋಗಿಗಳ ಟೋಕನ್ ಕೂಗುತ್ತಿದ್ದ ಆಸ್ಪತ್ರೆಯ ಮೈಕಿನ ಮುಂದೆ ಈಗ ನನ್ನ ಕುರ್ಚಿಯೇ ಇಲ್ಲ. ನನ್ನ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ನನ್ನದೇ ದನಿಯನ್ನು ಅದರ ಬಾಯಿಗಿಟ್ಟು, ನನ್ನನ್ನು ಮನೆಗೆ ಕಳಿಸಿದರು. ಕೇಳದೆ, ಹೇಳದೆ! ಎಲವೋ ಮ್ಯಾನೇಜರನೇ, ರಂಗದ ಮೇಲೆ ನಾನು ಕೊಂದವರಿಗೆ ಲೆಕ್ಕವಿಲ್ಲ. ನಿನ್ನದೊಂದು ಬಾಕಿ!

ಒಳಗಿನಿಂದ ಅಕ್ಕ: “ಬೆಳಬೆಳಿಗ್ಗೆ ಯಾರ ಮೇಲಪ್ಪಾ ಯುದ್ಧ? ಮೆಲ್ಲಗೆ ಕಣೋ, ಹಾಲು ಒಡೆದುಹೋಗುತ್ತೆ.”

ಜೂನ್ 11

ಫೋನು. ಮ್ಯಾನೇಜರ್! “ಸರ್, ನಿಮ್ಮ ವಾಯ್ಸ್ ಸ್ವಲ್ಪ ಸಪ್ಪೆ ಬರ್ತಿದೆ... ಅಂದ್ರೆ ಮಷೀನ್‌ದು. ಒಂದಿನ ಬಂದು ಫ್ರೆಶ್ ಸ್ಯಾಂಪಲ್ ಕೊಟ್ಟುಬಿಡಿ. ನಿಮ್ದೇ ದನಿ ಅಲ್ವಾ?”

ನನ್ನದೇ ದನಿಯಂತೆ! “ಬಂದೆ ಮಹಾಸ್ವಾಮಿ” ಎಂದೆ. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ.

ಜೂನ್ 12, ಸಂಜೆ

ಮುಗಿಸಿದೆ! ಗಾಜಿನ ಕೋಣೆ, ಮೈಕು, ನಾನು. ಒಂದಕ್ಷರ ಬದಲಿಸಲಿಲ್ಲ. “ನಿಮ್ಮ ಸರದಿ ಬಂದಿದೆ. ಒಳಗೆ ದಯಮಾಡಿಸಿ.” ಆದರೆ ಹೊಟ್ಟೆಯಿಂದ ಎತ್ತಿದ್ದು ನನ್ನ ನಾಟಕದ ಖಳನ ದನಿ — ರಾಜಕುಮಾರನಿಗೆ ವಿಷದ ಬಟ್ಟಲು ಚಾಚುವಾಗಿನದು. ಮೆತ್ತಗೆ, ಜೇನಿನಂತೆ... ಕೊನೆಗೊಂದು ತಣ್ಣನೆಯ ಉಸಿರು. ಮುಂದಿನ ಸಾಲಿನವರು ಸೀಟು ಬಿಟ್ಟೇಳುತ್ತಿದ್ದ ದನಿ ಅದು!

ಯಾರೂ ಕಿವಿಗೊಡಲಿಲ್ಲ. ಪರೀಕ್ಷೆ ಮಾಡುವುದೂ ಸಾಫ್ಟ್‌ವೇರೇ ಅಂತೆ. ಪರದೆ ಹಸಿರಾಯಿತು. “ಕ್ಲಾರಿಟಿ ಸೂಪರ್ ಸರ್,” ಎಂದ ಮ್ಯಾನೇಜರ್, ಮೊಬೈಲಿನಿಂದ ತಲೆಯೆತ್ತದೆ.

ಜೂನ್ 20

ಭಲಾ! ರೋಗಿಗಳು ಕಾಯುವ ಕೋಣೆಯಲ್ಲಿ, ಹಿಂದಿನ ಬೆಂಚಿನಲ್ಲಿ ಕುಳಿತು ಕಣ್ಣಾರೆ ನೋಡಿದೆ. ಪ್ರತಿ ಕರೆಗೂ ಜನ ಬೆಚ್ಚುತ್ತಾರೆ. ಒಬ್ಬಾಕೆ ಗಂಡನ ತೋಳು ಜಗ್ಗಿದಳು. “ಏಳ್ರೀ, ಹೋಗೋಣ. ವಾಪಸ್ ಕಳಿಸೋ ಥರ ಕರೀತಿಲ್ಲ ಅದು.”

“ಬರೀ ಹಲ್ಲು ಕೀಳ್ಸೋದು ಕಣೇ!”

“ಹಲ್ಲು ಅಲ್ಲೇ ಇರ್ಲಿ. ನಡೀರಿ.”

ಹೋದರು! ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತ ನರ್ಸನ್ನು ಕೇಳುತ್ತಿದ್ದ: “ಏಸಿ ಜಾಸ್ತಿ ಆಯ್ತಾ? ಜನ ಯಾಕೆ ನಡುಗ್ತಿದಾರೆ?”

ಹೊಟ್ಟೆ ತಣ್ಣಗಾಯಿತು. ನಡುಗಲಿ. ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಲಿ.

ಜುಲೈ 9

ಅಕ್ಕನಿಗೆ ಎದೆನೋವು. ಹೃದಯದ ಡಾಕ್ಟರು ಇರುವುದು ಅದೇ ಆಸ್ಪತ್ರೆಯಲ್ಲಿ. ಬೇರೆ ದಾರಿಯಿಲ್ಲ.

ಜುಲೈ 10, ಮಧ್ಯಾಹ್ನ 3

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಗೀಚುತ್ತಿದ್ದೇನೆ.

ಅಕ್ಕನ ಟೋಕನ್ ಕೂಗಿದಾಗ ಅವಳ ಮುಖ ಬಿಳಿಚಿತು. “ನಾ ಒಳಗೆ ಹೋಗಲ್ಲ.”

“ಅಯ್ಯೋ, ಅದು ನನ್ನ ದನಿ ಅಕ್ಕಾ! ನಾನೇ!”

“ತೊಟ್ಟಿಲಲ್ಲಿ ಅತ್ತಾಗಿಂದ ಕೇಳಿದೀನಿ ಕಣೋ. ಅದು ನೀನಲ್ಲ.”

ಎದೆ ಹಿಡಿದುಕೊಂಡು ಹೊರಬಾಗಿಲಿನತ್ತ ಹೊರಟೇಬಿಟ್ಟಳು. “ಅಕ್ಕಾ, ನಿಲ್ಲು!” ಎಂದು ಗರ್ಜಿಸಿದೆ. ಇಡೀ ಕೋಣೆ ತಲೆಯೆತ್ತಿತು. ನನ್ನತ್ತ ಅಲ್ಲ, ಸೀಲಿಂಗಿನ ಸ್ಪೀಕರಿನತ್ತ. ಓಡಿಹೋಗಿ, ಬಾಯಿ ಬಿಡದೆ, ಅವಳ ಕೈ ಹಿಡಿದು ನಿಂತೆ. ಬಹಳ ಹೊತ್ತಿನ ಮೇಲೆ ಡಾಕ್ಟರ ಕೋಣೆಗೆ ಹೋದಳು. “ತಡ ಮಾಡಿದ್ರಿ” ಎಂದರು ಡಾಕ್ಟರು. ಬಾಗಿಲು ಮುಚ್ಚಿತು.

ಈಗ ಸ್ಪೀಕರು ಕರೆಯುತ್ತಿದೆ. ಅಕ್ಕನ ಟೋಕನ್. “ರೋಗಿಯ ಕಡೆಯವರು... ಒಳಗೆ ದಯಮಾಡಿಸಿ.” ಜೇನಿನಂಥ ದನಿ. ಆ ಉಸಿರು. ಒಳ್ಳೆಯ ಸುದ್ದಿಯೋ, ಕೆಟ್ಟದ್ದೋ — ಒಂದೇ ರಾಗ. ಮತ್ತೆ ಕರೆಯುತ್ತಿದೆ. ಇಲ್ಲೇ ಕುಳಿತು ಬರೆಯುತ್ತಲೇ ಇದ್ದೇನೆ. ಯಾರಾದರೂ ಮನುಷ್ಯರು ಬಂದು ಹೇಳಬಾರದೇ...