ಬಿರುಕಿಗೊಂದು ಅರ್ಧ ಮೀಸೆ

ಬ್ರೊಂತೆ, ಸಿಸಿಲಿ
28 ಆಗಸ್ಟ್ 1979

ಪ್ರೀತಿಯ ವೆನೆರಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನ ಎದೆ ಇನ್ನೂ ಗಣಿಯ ಧೂಳನ್ನು ಕೆಮ್ಮುತ್ತಿದೆಯೇ? ಬೆಲ್ಜಿಯಮ್ಮಿನ ಥಂಡಿಗೆ ಒಣ ಅಂಜೂರ ಕುದಿಸಿದ ನೀರೇ ಮದ್ದು, ಮೂಗು ಹಿಡಿದಾದರೂ ಕುಡಿಸು. ನಾವೆಲ್ಲ ಕ್ಷೇಮ. ಈ ವರ್ಷ ಪಿಸ್ತಾ ಗೊಂಚಲುಗೊಂಚಲಾಗಿ ಬಂದಿರುವುದರಿಂದ ಊರಿನವರು ಕಡ ಹೇಳದೆ ಕ್ಷೌರ ಮಾಡಿಸಿಕೊಳ್ಳುತ್ತಿದ್ದಾರೆ.

ಇನ್ನು ಅಪ್ಪನ ಗಿಟಾರಿನ ವಿಷಯ. ಮೊದಲು ಖರ್ಚು ಹೇಳಿಬಿಡುತ್ತೇನೆ. ಕತಾನಿಯಾದ ಗಿಟಾರ್ ಮೇಸ್ತ್ರಿ ಸಾಂತೊಗೆ ನಲವತ್ತು ಸಾವಿರ ಲೀರಾ, ಅಂದರೆ ನನ್ನ ಲೆಕ್ಕದಲ್ಲಿ ನಲವತ್ತು ಗಡ್ಡ. ಎಟ್ನಾ ಬೆಟ್ಟ ಸುತ್ತುವ ರೈಲಿನ ಟಿಕೆಟ್ಟುಗಳು. ಅಂಗಡಿ ಮುಚ್ಚಿದ ಒಂದು ದಿನ. ಇವುಗಳ ಮೇಲೆ, ನಮ್ಮ ಚಿಕ್ಕಪ್ಪನ ಮಗ ಬಿಯಾಜಿಯೊ ತನ್ನ ಮದುವೆಗೆ ಮುಂಚಿನಿಂದ ಸಾಕಿದ್ದ ಮೀಸೆಯಲ್ಲಿ ಅರ್ಧ. ಈ ಕೊನೆಯದನ್ನು ಖರ್ಚಿಗೆ ಬರೆಯಬೇಕೋ ಜಮೆಗೆ ಬರೆಯಬೇಕೋ, ಪೂರ್ತಿ ಓದಿ ನೀನೇ ಹೇಳು.

ಕಾಯುವ ಗಿರಾಕಿ ನುಡಿಸಲಿ ಎಂದು ಅಪ್ಪ ಆ ಗಿಟಾರನ್ನು ಅಂಗಡಿಯ ಮೊಳೆಗೆ ತೂಗುಹಾಕಿದ್ದು ನಿನಗೆ ಗೊತ್ತಲ್ಲ. ಅಪ್ಪ ಹೋದ ಮೇಲೂ ನಾನು ಮೊಳೆ ಬದಲಿಸಲಿಲ್ಲ. ಫೆಬ್ರವರಿಯ ಕಾರ್ನಿವಾಲಿಗೆ ಬಿಯಾಜಿಯೊ ಅದನ್ನು ಕೇಳಿ ಒಯ್ದ. ಹಿಂದಕ್ಕೆ ತಂದಾಗ ನಾನು ಕಾಫಿಗೆ ಹೋಗಿದ್ದೆ, ಅವನೇ ಮೊಳೆಗೆ ಹಾಕಿಟ್ಟ. "ಧೂಳೆಲ್ಲ ಒರೆಸಿಟ್ಟಿದೀನಿ ಕಣೋ, ಹೆಂಗೆ ಹೊಳೀತೈತೆ ನೋಡು" ಎಂದ. ಹೊಳೆಯುತ್ತಿತ್ತು, ನಿಜ. ನಾನು ಅವನಿಗೆ ಒಂದು ಗಡ್ಡ ಪುಕ್ಕಟೆ ಹೆರೆದೆ. ಅದನ್ನೂ ಖರ್ಚಿಗೆ ಸೇರಿಸಿಕೋ.

ಆಮೇಲೆ ಅದನ್ನು ಯಾರೂ ಇಳಿಸಲಿಲ್ಲ. ಮೇ ತಿಂಗಳಲ್ಲಿ ನಿನ್ನ ಮಗಳು ಅಲ್ಫೀನಳ ಕೈ ಹಿಡಿಯಲಿರುವ ನುಂತ್ಸಿಯೊ, ಮದುವೆಯ ಹಿಂದಿನ ಸಂಜೆ ಹುಡುಗಿಯ ಕಿಟಕಿಯ ಕೆಳಗೆ ಹಾಡುವ ಹಾಡಿಗೆ ಅಭ್ಯಾಸ ಮಾಡಲು ಗೆಳೆಯರನ್ನು ಕರೆತಂದ. ತಂತಿ ಮೀಟಿದರೆ ಮೀನಿನ ಪೆಟ್ಟಿಗೆ ತಟ್ಟಿದಂತಹ ಸದ್ದು. ವಾರದೊಳಗೆ ಊರೆಲ್ಲ ಒಂದೇ ಮಾತು: "ಪ್ಲಾಚಿದೊನ ಬಿಸಿ ಟವೆಲಿನ ಹಬೆ ಕುಡಿದು ಗಿಟಾರ್ ಸತ್ತೋಯ್ತು. ಅಪ್ಪ ಬಿಟ್ಟೋಗಿದ್ದು ಅದೊಂದೇ, ಅದನ್ನೂ ನೋಡ್ಕೊಳ್ಳಕ್ಕೆ ಬರ್ಲಿಲ್ಲ." ಮಾತು ಹೊರಟಿದ್ದು ಬಿಯಾಜಿಯೊನ ಬಾಯಿಂದ. ಅದು ಬೆಲ್ಜಿಯಮ್ಮಿಗೂ ಮುಟ್ಟಿತು. ನಿನ್ನ ಜೂನ್ ತಿಂಗಳ ಪತ್ರದಲ್ಲಿ "ಅಪ್ಪ ನಿನ್ನ ಕೈಗೆ ಕೊಡಬಾರದಿತ್ತು" ಎಂದು ಬರೆದಿದ್ದೆ. ನಾನದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ, ಅಕ್ಕಾ. ಕನ್ನಡಿಯ ಹಿಂದೆ ಸಿಕ್ಕಿಸಿಟ್ಟಿದ್ದೇನೆ, ಅಷ್ಟೇ.

ಜುಲೈಯಲ್ಲಿ ಕತಾನಿಯಾಕ್ಕೆ ಒಯ್ದೆ. ಸಾಂತೊ ಅದರ ತೂತಿನೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿ, "ಹಬೆ ಅಲ್ಲ ಯಜಮಾನ್ರೇ. ಯಾರೋ ಇದರ ಮೇಲೆ ಕೂತಿದಾರೆ. ಬಿರುಕಿಗೆ ಗಾಡಿ ತಗ್ಗು ತುಂಬೋ ಪುಟ್ಟಿ ಮೆತ್ತಿ ವಾರ್ನಿಶ್ ಬಳಿದಿದಾರೆ" ಎಂದ. ಕೆರೆದಾಗ ಬೂದು ಪುಟ್ಟಿಯ ಜೊತೆ ಹಸಿರು ಬಣ್ಣದ ಚೂರುಗಳೂ ಉದುರಿದವು. ನಮ್ಮೂರಿನಲ್ಲಿ ಗಿಳಿಹಸಿರು ಬಣ್ಣದ, ಮೂತಿಗೆಲ್ಲ ಪುಟ್ಟಿ ಮೆತ್ತಿದ ಮೂರು ಚಕ್ರದ ಗಾಡಿ ಇರುವುದು ಒಂದೇ. ಅದರಲ್ಲಿ ಪಿಸ್ತಾ ಮೂಟೆ ಸಾಗಿಸುವವನ ಹೆಸರು ನಾನು ಬರೆಯಬೇಕಾಗಿಲ್ಲ.

ಸಾಂತೊ ಮೂರು ದಾರಿ ಹೇಳಿದ. ಇದನ್ನು ಬಿಟ್ಟು ಹೊಸದು ಕೊಳ್ಳುವುದು, ಅದೇ ಅಗ್ಗ. ಇಲ್ಲವೇ ಮುಂದಿನ ಹಲಗೆಯನ್ನೇ ಬದಲಿಸುವುದು. ದನಿ ಇಂಪಾಗುತ್ತದೆ, ಆದರೆ ಅಪ್ಪನ ಗಿಟಾರಿನದಲ್ಲ. ಮೂರನೆಯದು, ಪುಟ್ಟಿಯನ್ನು ಚೂರುಚೂರಾಗಿ ಕೆರೆದು, ಬಿರುಕನ್ನು ಅಂಟಿಸಿ, ಒಳಗಿನಿಂದ ಮರದ ಸಣ್ಣ ತೇಪೆ ಹಾಕುವುದು. ನಿಧಾನ, ದುಬಾರಿ, ಆದರೆ ಹಳೆಯ ದನಿ ಬಹುಪಾಲು ಬರುತ್ತದೆ. ಯೋಚಿಸಿ ಹೇಳುತ್ತೇನೆಂದು ಗಿಟಾರನ್ನು ವಾಪಸ್ ತಂದೆ. ಅದನ್ನು ಒಡೆದವನೇ ರಿಪೇರಿ ಮಾಡಿಸಬೇಕಿತ್ತು.

ಆ ವಾರದ ಶನಿವಾರವೇ ಬಿಯಾಜಿಯೊ ಎಂದಿನಂತೆ ಬಂದು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಅಂಗಡಿ ತುಂಬ ಜನ. ಕೆನ್ನೆ ಹೆರೆದೆ, ಗದ್ದ ಹೆರೆದೆ, ಆಮೇಲೆ ಒಂದೇ ಎಳೆತಕ್ಕೆ ಎಡಗಡೆಯ ಮೀಸೆ. ಅವನು ಕಣ್ಣು ಬಿಟ್ಟು ಕನ್ನಡಿ ನೋಡಿದ.

"ಲೋ ಪ್ಲಾಚಿದೊ, ಮೀಸೆ ಎಲ್ಲೋ?"

"ಹಬೆಗೆ ಉದುರಿರ್ಬೇಕು ಕಣೋ. ನನ್ನಂಗಡಿ ಹಬೆ ಏನನ್ನೂ ಉಳಿಸಲ್ಲ ಅಂತ ನೀನೇ ಊರೆಲ್ಲ ಹೇಳ್ಕೊಂಡ್ ಬಂದೆಯಲ್ಲ. ಚಿಂತೆ ಮಾಡ್ಬೇಡ, ಪುಟ್ಟಿ ಮೆತ್ತಿ ವಾರ್ನಿಶ್ ಹೊಡ್ದು ಕೊಡ್ತೀನಿ."

ಬೆಂಚಿನವರು ನಗಲಿಲ್ಲ, ಗಿಟಾರಿನ ಕಡೆ ನೋಡಿದರು. ಆಮೇಲೆ ನಕ್ಕರು. ಅವನು ಎಲ್ಲರೆದುರು ಬಾಯಿ ಬಿಟ್ಟ: "ಕಾರ್ನಿವಾಲ್ ಬಂಡಿಯಿಂದ ಜಾರಿ ಅದರ ಮೇಲೇ ಕೂತ್ಬಿಟ್ಟೆ. ಹೇಳೋಣ ಅಂತಲೇ ಇದ್ದೆ. ಹೊಸದು ತೆಗೆಸಿಕೊಡ್ತೀನಿ ಬಿಡೋ." ಬೇಡ ಎಂದೆ. ಮೂರನೆಯ ದಾರಿ, ಅವನ ಹಣ, ಅವನದೇ ಪ್ರಯಾಣ. ಉಳಿದರ್ಧ ಮೀಸೆಯನ್ನು ಅವನು ಮನೆಯಲ್ಲಿ ತಾನೇ ತೆಗೆದುಕೊಂಡ. ಬೋಳು ತುಟಿ ಹೊತ್ತು, ಅಪ್ಪನ ಗಿಟಾರನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು, ಕೊಡಲು ಒಮ್ಮೆ, ತರಲು ಒಮ್ಮೆ ರೈಲಿನಲ್ಲಿ ಹೋಗಿ ಬಂದ. ತಾಯಿಯ ಮನೆಗೆ ಹೋದಾಗ ಚಿಕ್ಕಮ್ಮ ಬಾಗಿಲು ತೆರೆದು, "ಯಾರಪ್ಪಾ ನೀನು?" ಎಂದು ಕೇಳಿದರಂತೆ.

ಬಿರುಕಿನ ಗೆರೆಗೆ ಬಣ್ಣ ಕೊಟ್ಟು ಮರೆಮಾಡಲೇ ಎಂದು ಸಾಂತೊ ಹೇಳಿಕಳಿಸಿದ್ದ. ಮುಟ್ಟಬೇಡ ಎಂದೆ. ಈಗ ಗಿಟಾರ್ ಮೊಳೆಗೆ ಮರಳಿದೆ, ಎದೆಯ ಮೇಲೆ ಬಿಳಿಚಿದ ಗೆರೆ. ನೋಡಿದವರು ಕೇಳುತ್ತಾರೆ, ನಾನು ಹೇಳುತ್ತೇನೆ. ಒಂದು ಗಡ್ಡಕ್ಕೆ ಸರಿಯಾಗಿ ಕಥೆ ಮುಗಿಯುತ್ತದೆ.

ಭಾವನಿಗೆ ನಮಸ್ಕಾರ. ಅಲ್ಫೀನಳ ಹಣೆಗೆ ಸೋದರಮಾವನ ಮುತ್ತು. ಅಪ್ಪ ಅಮ್ಮನ ಆಶೀರ್ವಾದ ನಿಮ್ಮ ಮೇಲಿರಲಿ.

ನಿನ್ನ ತಮ್ಮ,
ಪ್ಲಾಚಿದೊ

ಒಂದು ಮರೆತಿದ್ದೆ, ಅಂಚೆಯವನು ಬಾಗಿಲಲ್ಲಿದ್ದಾನೆ, ಬೇಗ ಬರೆದುಬಿಡುತ್ತೇನೆ. ನುಂತ್ಸಿಯೊನ ಗಂಟಲು ಮೇಕೆಯದು, ಹಾಗಾಗಿ ಅಕ್ಟೋಬರಿನಲ್ಲಿ ನೀವು ಮದುವೆಗೆ ಬಂದಿಳಿದಾಗ ನಮ್ಮ ಬಾಲ್ಕನಿಯ ಕೆಳಗೆ ನಿಂತು, ಅದೇ ಗಿಟಾರಿಗೆ, ಅವನ ಪರವಾಗಿ ಹಾಡುವವನು ಬಿಯಾಜಿಯೊ. ನಾನು ತಕ್ಷಣ ಒಪ್ಪಿದೆ. ಹುಡುಗಿ ದೀಪ ಹಚ್ಚಿ ಕಿಟಕಿ ತೆರೆಯುವವರೆಗೆ ಹಾಡುವವನು ನಿಲ್ಲಿಸುವಂತಿಲ್ಲ, ವೈನ್ ಮುಟ್ಟುವಂತಿಲ್ಲ. ಎಲ್ಲ ಹುಡುಗಿಯರೂ ಎರಡನೇ ಹಾಡಿಗೆ ತೆರೆಯುತ್ತಾರೆ. ಅಲ್ಫೀನಳಿಗೆ ಹೇಳು, ಅವನ ಗಂಟಲಲ್ಲಿ ಬಿರುಕು ಕೇಳಿಸುವವರೆಗೆ ದೀಪದ ಹತ್ತಿರವೂ ಹೋಗಬಾರದು.

ಅಲ್ಲಿಗೆ ಲೆಕ್ಕ ಚುಕ್ತಾ. ಸಾಂತೊಗೆ ನಲವತ್ತು ಸಾವಿರ. ಗಿಟಾರಿಗೆ ಅದರ ದನಿ. ಅಲ್ಫೀನಳಿಗೆ ಅವಳ ಹಾಡು. ನಿನಗೆ, ಜೂನಿನ ಆ ಸಾಲನ್ನು ಹಿಂದಕ್ಕೆ ಪಡೆಯುವ ಅವಕಾಶ. ನನಗೆ ಸೋಪಿನ ಡಬ್ಬಿಯಲ್ಲಿ ಅರ್ಧ ಮೀಸೆ. ಬಿಯಾಜಿಯೊಗೆ ಏನೂ ಇಲ್ಲ.