ಆಷಾಢದ ಎರಡು ವಿಳಾಸ

ಅಂಗೈಯ ಲಿಂಗಕ್ಕೆ ಶರಣು. ಅಡಿಗಡಿಗೂ ಕಾಯುವ ಗುರುವಿಗೆ ಶರಣು.

ಶಾಲಿವಾಹನ ಶಕೆ ೧೯೪೭, ವಿಶ್ವಾವಸು ಸಂವತ್ಸರ, ಆಷಾಢ ಶುದ್ಧ ಪಾಡ್ಯ, ಗುರುವಾರ
೨೬ ಜೂನ್ ೨೦೨೫. ಕ್ವೇಕರ್ಸ್ ಹಿಲ್, ಸಿಡ್ನಿ

ಪೂಜೆ ಮುಗಿಯಿತು. ಈ ದೇಶದ ಚಳಿಗೆ ಬೆರಳು ಮಡಿಚುವುದೇ ಕಷ್ಟ.

ಸೊಸೆಯನ್ನು ಬೆಳಗಿನ ವಿಮಾನಕ್ಕೆ ಕಳುಹಿಸಿದ್ದಾಯಿತು. ಮದುವೆಯಾದ ಮೊದಲ ಆಷಾಢ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂಬುದು ನಮ್ಮ ಮನೆತನದ ನಡೆ. ಥಾವೊಳ ತವರು ವಿಯೆಟ್ನಾಮಿನ ಕಾನ್ ಥೋ. ಅಲ್ಲಿಗೆ ಕಳುಹಿಸುವಂತಿಲ್ಲ, ಗಂಡನೊಡನೆ ಇಲ್ಲಿ ನೆಲೆಸಲು ಹಾಕಿದ ಪಾರ್ಟ್‌ನರ್ ವೀಸಾದ ಅರ್ಜಿ ಇಲಾಖೆಯ ಮುಂದಿದೆ. ಆದ್ದರಿಂದ ಮೆಲ್ಬರ್ನಿನಲ್ಲಿರುವ ಮಗಳು ಪಲ್ಲವಿಯ ಮನೆಯನ್ನೇ ಅವಳ ತವರೆಂದು ಭಾವಿಸಿದೆ.

ಹೊರಡುವ ಮುನ್ನ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ, ಬೆಲ್ಲ, ಖಣ. ಸೆರಗಿಲ್ಲದ ಕಾರಣ ಜಾಕೆಟ್ಟಿನ ಅಂಚನ್ನೇ ಒಡ್ಡಿದಳು. ಮುಖ ಬಾಡಿತ್ತು. ಗಂಡನನ್ನು ಅಗಲುವ ಬೇಸರವೆಂದುಕೊಂಡೆ.

"ಬರ್ತೀನಿ, ಮೆ" ಎಂದಳು. ಅವರ ಭಾಷೆಯಲ್ಲಿ ತಾಯಿಗೆ ಹಾಗೆನ್ನುತ್ತಾರೆ. 'ಬರ್ತೀನಿ' ಎಂಬುದು ಮಗ ಸಂಜು ಕಲಿಸಿದ್ದು.

ಅವನನ್ನು ಕೇಳಿದೆ — "ಅಕಿಗೆ ಎಲ್ಲಾ ತಿಳಿಸಿ ಹೇಳೀಯೇನಪಾ?"

"ಹೇಳೇನವ್ವ. ಟ್ರೆಡಿಶನ್ ಅಂದೆ, ಒನ್ ಮಂತ್ ಅಂದೆ. ಓಕೆ ಅಂದಳು." ಕಾರಿನ ಕೀಲಿ ಹುಡುಕುತ್ತ ಹೇಳಿದ.

೬ ಜುಲೈ, ರವಿವಾರ

ಪಲ್ಲವಿಯ ಫೋನ್. ಸೊಸೆಗೆ ಅಲ್ಲಿಯ ಫುಟ್ಸ್‌ಕ್ರೇಯಲ್ಲಿ ಅವಳ ದೇಶದವರದೇ ಬೇಕರಿಯೊಂದರಲ್ಲಿ ಕೆಲಸ ಸಿಕ್ಕಿದೆ.

"ಅಲ್ಲೆ ಹೋದ್ರ ತಮ್ಮ ಭಾಷಾದಾಗ ಜಗಳಾನೂ ಆಡ್ತಾಳವ್ವ. ನಮ್ಮ ಮನ್ಯಾಗ ಬಾಯೇ ಬಿಡೂದಿಲ್ಲ. ಬ್ಯಾಂಕು, ಲೈಸೆನ್ಸು ಎಲ್ಲಾ ನಮ್ಮ ಅಡ್ರೆಸ್ಸಿಗೆ ಚೇಂಜ್ ಮಾಡಿಸೇನಿ."

ಮಗಳ ಅಚ್ಚುಕಟ್ಟುತನಕ್ಕೆ ಸಂತೋಷವಾಯಿತು.

ಬಾಲ್ಕನಿಯಲ್ಲಿ ಥಾವೊ ಬೆಳೆಸಿದ ಗಿಡಕ್ಕೆ ನಾನೇ ನೀರೆರೆಯುತ್ತಿದ್ದೇನೆ. ತುಳಸಿಯ ಜಾತಿಯದು. ಅವಳು ಬಂದ ಹೊಸತರಲ್ಲಿ ಅದಕ್ಕೆ ಕೈಮುಗಿದಿದ್ದೆ. ಅವಳು ನೋಡುತ್ತ ನಿಂತು, ಮರುಕ್ಷಣ ಎಲೆ ಚಿವುಟಿ ಸಾರಿಗೆ ಹಾಕಿದಳು. ಇಬ್ಬರೂ ನಕ್ಕಿದ್ದೆವು.

೨೯ ಜುಲೈ, ನಾಗರ ಪಂಚಮಿ

ಆಷಾಢ ಕಳೆದು ಶ್ರಾವಣ ಬಂದಿತು. ಆದರೂ, ಪಂಚಮಿಗೆ ಹೆಣ್ಣುಮಗಳು ತವರಿನಲ್ಲಿರುವುದೇ ಲಕ್ಷಣ. "ಹಬ್ಬ ಮುಗಿಸಿಕೊಂಡು ಬರಲಿ" ಎಂದು ಪಲ್ಲವಿಗೆ ಹೇಳಿದ್ದೆ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಕೊರಿಯರ್ ಮಾಡಿಸಿದೆ.

ಫೋನಿನಲ್ಲಿ ಥಾವೊ "ಥ್ಯಾಂಕ್ಯೂ" ಎಂದಳು. ಎಂದು ಬರುವೆನೆಂದು ಮಾತ್ರ ಹೇಳಲಿಲ್ಲ.

೧೯ ಆಗಸ್ಟ್, ಮಂಗಳವಾರ. ಸಂಜೆ

ಬಹಳ ದಿನ ಬರೆಯಲಾಗಲಿಲ್ಲ. ಇಂದು ಬರೆಯದೆ ಇರಲಾಗುತ್ತಿಲ್ಲ.

ಸಂಜು ನಾರ್ತ್ ಸಿಡ್ನಿಯ ಆಫೀಸಿನಿಂದ ಹೊತ್ತಿಗೆ ಮುನ್ನವೇ ಬಂದ. ಬೂಟು ಬಿಚ್ಚದೆ ಕುಳಿತ.

"ವೀಸಾ ಆಫೀಸರ್ ಫೋನ್ ಮಾಡಿದ್ದಳವ್ವ. ಮದುವಿಯಾಗಿ ಇನ್ನೂ ವರ್ಷಾ ಆಗಿಲ್ಲ, ಹೆಂಡ್ತಿ ಅಡ್ರೆಸ್ ಯಾಕ ಬ್ಯಾರೆ ಸ್ಟೇಟ್‌ನ್ಯಾಗ ಅದ ಅಂತ ಕೇಳಿದ್ಲು."

"ನೀ ಏನಂದಿ?"

"ಇಂಡಿಯನ್ ಥಿಂಗ್ ಅಂದೆ."

"ಅಷ್ಟೇ?"

"ಮತ್ತೇನ್ ಹೇಳ್ಲಿ? ನಮ್ಮವ್ವ ಹೊಸ್ತಿಲಾ ದಾಟಬ್ಯಾಡ ಅಂದ್ಲು ಅಂತ?"

ಶ್ರಾವಣ ಮುಗಿಯುತ್ತ ಬಂದರೂ ಅವಳನ್ನೇಕೆ ಕರೆತಂದಿಲ್ಲವೆಂದು ಕೇಳಿದೆ.

"ಪ್ರಾಜೆಕ್ಟ್ ಡೆಡ್‌ಲೈನ್ ಇತ್ತು. ಬಾ ಅಂತ ಮೆಸೇಜ್ ಹಾಕಿದ್ದೆ. ಬೇಕರಿ ಮ್ಯಾಲೆ ರೂಮ್ ತಗೊಂಡೇನಿ ಅಂತ ರಿಪ್ಲೈ ಬಂತು." ಬೂಟಿನ ಲೇಸು ಬಿಚ್ಚುತ್ತ, "ಅಕಿ ವಾಪಸ್ ಬರಾಂಗ ಕಾಣೂದಿಲ್ಲವ್ವ" ಎಂದ.

ಕಳುಹಿಸಿದ ಸೊಸೆಯನ್ನು ಗಂಡನ ಮನೆಯವರು ಹೋಗಿ ಕರೆಯಬೇಕು. ಆ ನಡೆಯನ್ನು ಮಾತ್ರ ಈ ಮನೆಯಲ್ಲಿ ಯಾರೂ ನಡೆಸಲಿಲ್ಲ. ಮಗ ಬರುತ್ತಾನೆಂದು ಅವಳು, ಹೋಗುತ್ತಾನೆಂದು ನಾನು, ಇಬ್ಬರೂ ಕಾದೆವು.

೨೧ ಆಗಸ್ಟ್, ಗುರುವಾರ

ಇಲ್ಲೇ ಸಿಡ್ನಿಯ ಎಪ್ಪಿಂಗಿನಲ್ಲಿ, ವೀಸಾ ಅರ್ಜಿಗಳನ್ನು ನೋಡಿಕೊಳ್ಳುವ ಮೈಗ್ರೇಶನ್ ಏಜೆಂಟ್ ಚಂದ್ರಶೇಖರರನ್ನು ಕಂಡೆವು. ಬೆಳಗಾವಿ ಕಡೆಯವರು. ಗಂಡ ಹೆಂಡತಿ ಬೇರೆ ಬೇರೆ ಇದ್ದರೆ ಮದುವೆಯೇ ಸುಳ್ಳೆಂದು ಇಲಾಖೆ ಶಂಕಿಸುತ್ತದೆ, ಅರ್ಜಿ ತಿರಸ್ಕೃತವಾದರೆ ಥಾವೊ ದೇಶ ಬಿಡಬೇಕಾದೀತು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವ್ವಾರ, ಅತ್ತಿ ಸೊಸಿ ಕೂಡಿ ಇರಬಾರ್ದು, ಅಷ್ಟ ಅಲ್ರಿ? ನೀವ ಮಗಳ ಮನಿಗೆ ಹೋಗಿದ್ರ ಆಗ್ತಿತ್ತು. ಗಂಡ ಹೆಂಡ್ತಿ ಒಂದ ಮನ್ಯಾಗ ಇರ್ತಿದ್ರು. ಆಷಾಢಾನೂ ನಡೀತಿತ್ತು."

ನಗುತ್ತಲೇ ಹೇಳಿದರು. ಧಾರವಾಡದ ಮಠದಲ್ಲಿ ಶ್ರಾವಣವಿಡೀ ಪುರಾಣ ಹೇಳುತ್ತಿದ್ದವಳು ನಾನು. ಇಷ್ಟು ಸರಳವಾದುದು ಹೊಳೆಯಲಿಲ್ಲ.

"ಇಲಾಖೆಗೆ ಕಾಗದ ನಾನು ಬರೀತೀನ್ರಿ. ಆದ್ರ ಆಫೀಸರ್ ಮೂವರ ಜೋಡೀನೂ ಮಾತಾಡ್ತಾಳ. ಹುಡುಗಿ ಮನಸ್ಸು ಇಲ್ಲಿರಬೇಕು. ಅದನ್ನ ನಾ ಬರಕೊಡಲಿಕ್ಕೆ ಬರೂದಿಲ್ಲ."

೨೪ ಆಗಸ್ಟ್, ರವಿವಾರ. ಮೆಲ್ಬರ್ನ್

ಸಂಜು ತಾನೂ ಬರುವೆನೆಂದ. ಬೇಡವೆಂದೆ. ಕಳುಹಿಸಿದವಳು ನಾನು.

ಪಲ್ಲವಿ ನನ್ನನ್ನು ಬೇಕರಿಯ ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಹೋದಳು. ಒಳಗೆ ಬಿಸಿ ರೊಟ್ಟಿಯ ವಾಸನೆ, ಜೊತೆಗೆ ಮಾಂಸದ್ದೂ. ಸೆರಗು ಮೂಗಿಗೇರಲಿತ್ತು, ತಡೆದೆ. ಥಾವೊ ಹಿಟ್ಟಿನ ಕೈಯಲ್ಲೇ ನಿಂತಳು.

"ಆಂಟಿ, ಕೂತ್ಕೊಳ್ಳಿ."

ಆಂಟಿ. ಈ ದೇಶದಲ್ಲಿ ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಾರೆ. ಅವಳೊಬ್ಬಳು ಕರೆಯುತ್ತಿರಲಿಲ್ಲ.

ಗಲ್ಲೆಯ ಹಿಂದೆ ಕುಳಿತ ಮುದುಕಿ, ಬೇಕರಿಯ ಒಡತಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯೂ ಗಿವ್ ರೈಸ್. ಯೂ ಸೇ ಗೋ."

ಉಡಿಯ ಅಕ್ಕಿ ಅವರಿಗೆ ಹಾಗೆ ಕಂಡಿತ್ತು. ಪಾಲು ಕೊಟ್ಟು ಹೊರಗೆ ಹಾಕಿದಂತೆ.

ಮುದುಕಿಯ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಅಳತೆಯವು. ಆದ್ದರಿಂದ ಪರಸ್ಪರ ತಿಳಿಯಿತು. ನಾನು ಹೇಳಿದೆ — ಅಕ್ಕಿ ತುಂಬುವುದು ತುಂಬಿಕೊಂಡು ಮರಳಿ ಬರಲೆಂದು. ನನ್ನ ಅತ್ತೆಯೂ ನನಗೆ ತುಂಬಿದ್ದರು. ಶ್ರಾವಣದಲ್ಲಿ ಬಂಡಿ ಕಟ್ಟಿಸಿ ಕರೆಸಿಕೊಂಡರು.

"ನನಗೆ ಬಂಡಿ ಬರಲಿಲ್ಲ" ಎಂದಳು ಥಾವೊ.

"ಈಗ ಕರೆಯಲು ಬಂದಿದ್ದೇನೆ."

"ಆಫೀಸರ್ ಫೋನ್ ಮಾಡಿದ್ದಕ್ಕಾ?"

ಕೊರಳ ಲಿಂಗದ ಮೇಲೆ ಕೈಯಿತ್ತು, ಸುಳ್ಳು ಹೇಳಲಾಗಲಿಲ್ಲ. "ಹೌದು" ಎಂದೆ. "ಫೋನ್ ಬರದಿದ್ದರೆ ಮಗನೇ ಹೋಗಿ ಕರೆಯಲೆಂದು ಕಾಯುತ್ತ ಇನ್ನೂ ಮನೆಯಲ್ಲೇ ಕೂತಿರುತ್ತಿದ್ದೆ."

ಅವಳು ಮರಳಿ ಹಿಟ್ಟು ನಾದತೊಡಗಿದಳು. ತಲೆಯೆತ್ತದೆ ಕೇಳಿದಳು — "ಮುಂದಿನ ವರ್ಷವೂ ಹೋಗಬೇಕಾ?"

"ಇಲ್ಲ. ಮೊದಲ ವರ್ಷ ಮಾತ್ರ. ಅದನ್ನೂ ನಾನೇ ಪಲ್ಲವಿಯ ಮನೆಗೆ ಹೋಗಿ ಮುಗಿಸಬಹುದಿತ್ತು."

ಒಂದು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೈಗಿತ್ತಳು. "ಮಾಂಸ ಇಲ್ಲ" ಎಂದಳು. ಬರುವೆನೆಂದು ಹೇಳಲಿಲ್ಲ.

೩೦ ಆಗಸ್ಟ್, ಶನಿವಾರ. ಸಿಡ್ನಿ

ಬೆಳಿಗ್ಗೆ ಪೂಜೆಯಲ್ಲಿದ್ದಾಗ ಕದ ಬಡಿದ ಸದ್ದು. ಥಾವೊ. ರಾತ್ರಿಯ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಾಳೆ. ಒಂದೇ ಚೀಲ.

ಹೊಸ್ತಿಲ ಹೊರಗೆ ನಿಂತು ನನ್ನ ಮುಖ ನೋಡಿದಳು. ನಾನು ಹೊರಗೆ ಹೋಗಿ, ಅವಳ ಕೈ ಹಿಡಿದು, ಜೊತೆಯಾಗಿಯೇ ಒಳಗೆ ಬಂದೆ.

ಸಂಜು ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಓಡಿಬಂದ. "ಟೀ?" ಎಂದ.

"ಮೊದಲು ಸಾರಿ ಹೇಳು" ಎಂದಳು. ಹೇಳಿದ. ಟೀಯನ್ನೂ ಮಾಡಿದ, ಸಕ್ಕರೆ ಮರೆತ.

ಅವಳು ಬಾಲ್ಕನಿಗೆ ಹೋಗಿ ಗಿಡದ ಬುಡ ಮುಟ್ಟಿದಳು. "ಟೂ ಮಚ್ ವಾಟರ್." ಕೊಳೆತ ಎಲೆಗಳನ್ನು ಬಿಡಿಸುತ್ತ ಕುಳಿತಳು.

ಫುಟ್ಸ್‌ಕ್ರೇಯ ರೂಮನ್ನು ಬಿಟ್ಟಿಲ್ಲ. ಕೀಲಿ ಪರ್ಸಿನಲ್ಲಿಯೇ ಇದೆ. ವೀಸಾಕ್ಕಾಗಿ ಬಂದಳೋ, ಮನೆಗೆಂದು ಬಂದಳೋ... ಕೇಳುವ ಹಕ್ಕು ನನಗಿಲ್ಲ.

೩ ಸೆಪ್ಟೆಂಬರ್, ಭಾದ್ರಪದ ಶುದ್ಧ ಏಕಾದಶಿ, ಬುಧವಾರ. ಬೆಳಿಗ್ಗೆ ಹತ್ತು

ಇನ್ನು ಅರ್ಧ ಗಂಟೆಯಲ್ಲಿ ಅಧಿಕಾರಿಣಿಯ ಫೋನ್. ಸಂಜು ನಡುಮನೆಯಲ್ಲಿ ಶತಪಥ ತಿರುಗುತ್ತಿದ್ದಾನೆ.

"ರೂಮಿನ ಕೀಲಿ ಅದ ಅಂತ ಹೇಳೂದು ಬ್ಯಾಡ" ಎಂದ.

"ಇದ್ದದ್ದು ಹೇಳಲಿ" ಎಂದೆ. "ಕಳಿಸಿದ್ದು ನಾನು ಅಂತ ನಾನೂ ಹೇಳ್ತೀನಿ." ಆಷಾಢವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸುತ್ತಿದ್ದೇನೆ. 'ಹೊಸ್ತಿಲು' ಎಂಬ ಮಾತಿಗೇ ತಡವರಿಸುತ್ತೇನೆ.

ಥಾವೊ ಮೂರು ಕುರ್ಚಿ ಇಟ್ಟಿದ್ದಾಳೆ. ನನ್ನದನ್ನು ತನ್ನ ಪಕ್ಕಕ್ಕೆ ಎಳೆದುಕೊಂಡಿದ್ದಾಳೆ.

ಫೋನು ಬಂದೇಬಿಟ್ಟಿತು, ಹೊತ್ತಿಗೆ ಮುನ್ನವೇ. ಅವಳು ಕರೆಯುತ್ತಿದ್ದಾಳೆ — "ಮೆ, ಬಾ."

ಶಿವನೇ, ಈ ಮಕ್ಕಳಿಬ್ಬರಿಗೂ, ಕಾನ್ ಥೋದಲ್ಲಿ ದಾರಿ ಕಾಯುವ ಆ ತಾಯಿಗೂ, ಬೇಕರಿಯ ಮುದುಕಿಗೂ, ಫೋನಿನ ಆಚೆ ಕುಳಿತ ಹೆಣ್ಣುಮಗಳಿಗೂ, ಎಲ್ಲರಿಗೂ ಒಳಿತಾಗ—